ಒಂದು ಫೋಟೊಗೆ ಎಷ್ಟು ಸ್ಕ್ರೂ

ಗೋಡೆಗೆ ಒಂದು ಸ್ಕ್ರೂ ಹಾಕುವುದು ಸಣ್ಣ ಕೆಲಸ ಎಂದು ಯಾರಾದರೂ ಹೇಳಿದರೆ, ಅವರು ಹೊನ್ನಾಳಿಯಲ್ಲಿ ಹಾಕಿ ನೋಡಿಲ್ಲ ಎಂದೇ ಅರ್ಥ. ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿಯ ಫೋಟೊಗೆ ಕಟ್ಟು ಹಾಕಿಸಿ ತಂದಿದ್ದೆ. ಅದು ಮೇಜಿನ ಮೇಲೆ ಒರಗಿಕೊಂಡೇ ಇತ್ತು. ವರ್ಷದ ಪೂಜೆಗೆ ಜಗಳೂರಿನಿಂದ ಅವಳ ಅಕ್ಕ ಬರುವವರಿದ್ದರು. ಅಷ್ಟರೊಳಗೆ ತಂಗಿ ಗೋಡೆಯ ಮೇಲೆ ಇರಲೇಬೇಕು ಎಂದು ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಒಂದು ಮೊಳೆ ಹೊಡೆದೆ. ಗಾರೆ ಉದುರಿತು, ಮೊಳೆಯೂ ಉದುರಿತು.

ಅಂಗಡಿಯಲ್ಲಿ

ಹಾರ್ಡ್‌ವೇರ್ ಅಂಗಡಿಯವರು, ಸ್ಕ್ರೂ ಮರಕ್ಕೋ ತಗಡಿಗೋ ಗೋಡೆಗೋ ಎಂದು ಕೇಳಿದರು. ಗೋಡೆಗೆ ಅಂದೆ. ಹಾಗಾದರೆ ಭಾರ ನೋಡಬೇಕು, ವಸ್ತು ತನ್ನಿ ಅಂದರು. ಹಾರ ತೆಗೆಯಲು ಮನಸ್ಸಾಗದೆ, ಹಾರದ ಸಮೇತ ಫೋಟೊ ಒಯ್ದು ಗಲ್ಲಾದ ಪಕ್ಕದಲ್ಲಿ ಇಟ್ಟೆ. ಅವರು ಒಳಗೆ ಸ್ಕ್ರೂ ಹುಡುಕುತ್ತಿದ್ದಷ್ಟು ಹೊತ್ತೂ ಬಂದ ಗಿರಾಕಿಗಳು ಚಪ್ಪಲಿ ಬಿಟ್ಟು, ಕೈಮುಗಿದು, ಸಾಮಾನು ಏನನ್ನೂ ಕೇಳದೆ ಹೊರಟುಹೋದರು. ಕೊನೆಗೆ ಅಂಗಡಿಯವರು ನನ್ನ ಕಿವಿಯ ಹತ್ತಿರ ಬಂದರು.

"ಬೇಗ ಒಯ್ಯಿರಿ ಮೇಷ್ಟ್ರೇ. ಪೈಪ್ ತಗಳ್ಳಾಕೆ ಬಂದೋರೆಲ್ಲ ನನಗೆ ಸಮಾಧಾನ ಹೇಳಿ ಹೋಗ್ತಿದಾರೆ."

ಬಡಗಿಯ ಪದ್ಧತಿ

ನ್ಯಾಮತಿಯಿಂದ ಬಂದ ಬಡಗಿ ಸ್ಕ್ರೂ ನೋಡಿ ಮೆಚ್ಚಿಕೊಂಡು, ಸುತ್ತಿಗೆ ತೆಗೆದ. ಇದಕ್ಕೆ ಸುತ್ತಲೂ ತಿರುಪಿನ ಎಳೆ ಇದೆ, ತಿರುಗಿಸಿ ಕೂರಿಸಬೇಕು ಎಂದು ನಾನು ತರಗತಿಯಲ್ಲಿ ಹೇಳುವಂತೆ ಹೇಳಿದೆ.

"ತಲೆ ಮೇಲೆ ಗೀಟು ಇರೋದು ಬಿಚ್ಚಾಕೆ ಮೇಷ್ಟ್ರೇ. ಹಾಕಾಕೆ ಸುತ್ತಿಗೆ ಐತಲ್ಲ."

ಹೊಡೆದ, ಫೋಟೊ ತೂಗುಹಾಕಿದ, ಹೋದ. ನಾನು ಸುಮ್ಮನೆ ಕೆಳಗೊಂದು ಹಾಸಿಗೆ ಹಾಸಿಟ್ಟೆ. ಮಧ್ಯಾಹ್ನ ಫೋಟೊ ಅದರ ಮೇಲೆಯೇ ಬಿತ್ತು, ಸ್ಕ್ರೂ ಸಮೇತ. ಫೋನ್ ಮಾಡಿ ತಿಳಿಸಿದರೆ ಅವನು ಸಮಾಧಾನವಾಗಿಯೇ ಹೇಳಿದ: "ನೋಡ್ರಿ, ಬಿಚ್ಚಾಕೆ ಅಂತ ಯಾರೂ ಬರೋದೇ ಬ್ಯಾಡಾತು."

ಗೋಡೆಯ ಆ ಕಡೆ

ಪೂಜೆಯ ದಿನ ಬೆಳಿಗ್ಗೆ ಬಡಗಿ ಡ್ರಿಲ್ ಹಿಡಿದು ಬಂದ. ಈ ಸಲ ಟ್ರ್ಯಾಕ್ಟರ್ ಟ್ರ್ಯಾಲಿಗೆ ಹಾಕುವ ಗೇಣುದ್ದದ ಬೋಲ್ಟು ತಂದಿದ್ದ. ಅದು ಸಲೀಸಾಗಿ ಒಳಗೆ ಹೋಯಿತು. ಸ್ವಲ್ಪ ಹೆಚ್ಚೇ ಸಲೀಸಾಗಿ.

ಅಕ್ಕ ಬಂದರು. ಫೋಟೊ ಎಳೆದು ಪರೀಕ್ಷಿಸಿ, ಹೊಸ ಹಾರ ಹಾಕಲು ಕೈ ಎತ್ತಿದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, ನಮ್ಮ ಬೋಲ್ಟು ತಮ್ಮ ಅಡಿಗೆಮನೆಗೆ ಬಂದಿದೆ ಎಂದರು. ಎರಡೂ ಮನೆಗೆ ಅದೊಂದೇ ಗೋಡೆ. ನಾನು ಕ್ಷಮೆ ಕೇಳಿ, ಈಗಲೇ ತೆಗೆಸುತ್ತೇನೆ ಅಂದೆ. ಅಕ್ಕನ ಕೈಯಲ್ಲಿ ಹಾರ ಹಾಗೆಯೇ ನಿಂತಿತು.

"ತೆಗಿಬ್ಯಾಡ್ರಿ," ಎಂದರು ಪಕ್ಕದ ಮನೆಯಾಕೆ. "ಒಂದು ನಟ್ಟು ಇದ್ರೆ ಕೊಡ್ರಿ, ಆ ಕಡೆಯಿಂದ ಬಿಗಿ ಮಾಡ್ತೀನಿ. ಆಗಲೇ ಸೌಟು ತೂಗುಹಾಕೀನಿ." ಫೋಟೊ ಕಡೆ ಕೈ ತೋರಿಸಿದರು. " ಇವರು ಇದ್ದಾಗ್ಲೂ ನನ್ನ ಸೌಟು ಇವರ ಹತ್ರಾನೇ ಇರ್ತಿತ್ತು."

ಮೊದಲು ನಕ್ಕವರು ಅಕ್ಕ.

ನಟ್ಟು ಬಿಗಿಯಾಗಿಯೇ ಇದೆ. ಆದರೂ ಪಕ್ಕದ ಮನೆಯಲ್ಲಿ ಸಾರು ಬಡಿಸಲು ಸೌಟು ತೆಗೆದಾಗಲೆಲ್ಲ ನಮ್ಮ ಗೋಡೆಯ ಮೇಲೆ ಫೋಟೊ ಒಂದಿಷ್ಟು ಅಲುಗುತ್ತದೆ. ನಾನು ತಿದ್ದುತ್ತಿರುವ ಪರೀಕ್ಷೆಯ ಪತ್ರಿಕೆ ಬದಿಗಿಟ್ಟು, ಎದ್ದು ಊಟಕ್ಕೆ ಹೋಗುತ್ತೇನೆ. ಮೊದಲು ಇಷ್ಟಕ್ಕೆ ಅವಳು ಮೂರು ಸಲ ಕೂಗಬೇಕಿತ್ತು.