ಬೀಗಿತ್ತಿಯ ಮುಖಕ್ಕೆ ಇಪ್ಪತ್ತು ಮೀಟರ್ ಕೇಬಲ್ಲು

ಅಳತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಆದೋನಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. "ಕಡಿಮಿ ಬಿದ್ರ ಹೊಲಿಯಾಕ ಬರಂಗಿಲ್ಲ, ಹೆಚ್ಚಾದ್ರ ಒಳಗ ಮಡಚಬಹುದು" ಎಂದು ಗಿರಾಕಿಗಳಿಗೆ ಅರ್ಧ ಮೀಟರ್ ಹೆಚ್ಚೇ ಹರಿದುಕೊಡುವುದು ನನ್ನ ಪದ್ಧತಿ. ಅವರ ಹಿತಕ್ಕೂ ಆಯಿತು, ನನ್ನ ಹಿತಕ್ಕೂ ಆಯಿತು. ಈ ತತ್ವ ಬಟ್ಟೆಗೆ ಸರಿ, ಕೇಬಲ್ಲಿಗಲ್ಲ ಎಂಬುದು ಪ್ರೊಜೆಕ್ಟರ್ ತಂದ ಮೇಲೆ ತಿಳಿಯಿತು.

ಪ್ರೊಜೆಕ್ಟರ್ ತಂದದ್ದು ಶೋಕಿಗಲ್ಲ, ಬೀಗಿತ್ತಿಗಾಗಿ. ಮಗಳನ್ನು ಗೋನೆಗಂಡ್ಲಕ್ಕೆ ಕೊಟ್ಟಿದ್ದೇವೆ. ಅವಳ ಅತ್ತೆ ಶಾಂತಮ್ಮನವರು ಮದುವೆಯ ವಿಡಿಯೋವನ್ನು ಟೀವಿಯಲ್ಲಿ ನೋಡಿ, "ನಿಮ್ಮ ಕಡೀ ಮಂದಿ ಅಷ್ಟೂ ಅದಾರ, ನಾನು ಮಾತ್ರ ಸಾಸಿವಿ ಕಾಳಿನಷ್ಟ ಕಾಣ್ತೀನಿ" ಎಂದು ಮುಖ ಊದಿಸಿಕೊಂಡಿದ್ದರು. ಮಗಳ ಫೋನು ಬಂತು: "ಅಪ್ಪಾ, ಏನರ ಮಾಡು. ಇಲ್ಲಿ ಎರಡು ಹೊತ್ತೂ ಅದ ಮಾತು, ನನಗ ಊಟ ಸೇರವಲ್ದು." ಗೋಡೆಯಗಲ ತೋರಿಸಿದರೆ ಆಕೆಗೂ ಸಮಾಧಾನ, ಮಗಳಿಗೂ ನೆಮ್ಮದಿ ಎಂದು ಬೀಗರನ್ನು ಭಾನುವಾರಕ್ಕೆ ಕರೆದೆ.

ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಹಾಕುವ ಮಾರುದ್ದದ ಕೇಬಲ್ಲೊಂದು ಡಬ್ಬಿಯಲ್ಲೇ ಪುಕ್ಕಟೆ ಬಂದಿತ್ತು. ಪುಕ್ಕಟೆ ಬಂದದ್ದರ ಮೇಲೆ ವ್ಯಾಪಾರಿಗೆ ಗೌರವ ಇರುವುದಿಲ್ಲ. ಮೇಲಾಗಿ ನಮ್ಮ ಲ್ಯಾಪ್‌ಟಾಪು ಟೀವಿಯ ಪಕ್ಕ, ಪ್ರೊಜೆಕ್ಟರ್ ಎದುರಿನ ಅಟ್ಟದ ಮೇಲೆ. ಅಂಗಡಿಗೆ ಹೋದೆ. ಅಂಗಡಿಯವನು ನಾನಾ ತರಹದ್ದು ಹರವಿ, ಇದರ ಮೂತಿಗೆ ಬಂಗಾರದ ಲೇಪ, ಅದರಲ್ಲಿ ಚಿತ್ರ ಕನ್ನಡಿಯಂತೆ ಎಂದು ಹೇಳುತ್ತಲೇ ಹೋದ. ಒಂದೂ ತಲೆಗೆ ಹತ್ತಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದೆ. ಒಂದರ ಮೇಲೆ ನೂಲಿನ ಹೊದಿಕೆ ಇತ್ತು. ನೇಯ್ಗೆ ಬಿಗಿ, ಬಣ್ಣ ಬಿಡುವಂತಿರಲಿಲ್ಲ. ಅದನ್ನೇ ಆರಿಸಿ, ಐದು ಮೀಟರ್ ಸಾಕಾಗುವ ಕಡೆ ಇಪ್ಪತ್ತು ಕೇಳಿದೆ.

"ಇಷ್ಟು ಉದ್ದ ಆದ್ರ ಒಮ್ಮೊಮ್ಮೆ ಸಿಗ್ನಲ್ ಹಿಡಿಯಂಗಿಲ್ಲ, ಸಾವ್ಕಾರ್ರ" ಅಂದ.

"ಏಂ ಕಾದು, ಏನೂ ಆಗಂಗಿಲ್ಲ. ಹೆಚ್ಚಾದ್ರ ಮಡಚತೀನಿ" ಅಂದೆ.

ಭಾನುವಾರ ಬೀಗರು ಬಂದರು, ಉಂಡರು, ಇಪ್ಪತ್ತು ಮೀಟರ್ ಕೇಬಲ್ಲಿನ ನನ್ನ ಬಡಾಯಿ ಕೇಳಿದರು, ಗೋಡೆಯ ಮುಂದೆ ಸಾಲಾಗಿ ಕೂತರು. ಗೋಡೆಯ ಮೇಲೆ ನನ್ನ ತಮ್ಮ ಬಂದ, ನನ್ನ ಸೋದರತ್ತೆ ಬಂದಳು, ಅಡಿಗೆಯವನು ಕೂಡ ಸೌಟು ಹಿಡಿದು ಬಂದ. ಶಾಂತಮ್ಮನವರು ಮಂಟಪದ ಮೆಟ್ಟಿಲು ಹತ್ತುವ ಹೊತ್ತಿಗೆ ಗೋಡೆ ನೀಲಿಯಾಗಿ, ಸಿಗ್ನಲ್ ಇಲ್ಲ ಎಂದು ಬರೆದುಕೊಂಡಿತು. ಕೇಬಲ್ ಒತ್ತಿ, ವಿಡಿಯೋ ಹಿಂದಕ್ಕೆ ಸರಿಸಿದೆ. ಮತ್ತೆ ಅಡಿಗೆಯವನು, ಮತ್ತೆ ನೀಲಿ.

"ನನ್ನ ಪಾಳಿ ಬಂದಾಗ ಬರೋಬ್ಬರಿ ಹೋಗ್ತೈತಿ ನೋಡ್ರಿ" ಎಂದು ಅವರು ಎದ್ದೇಬಿಟ್ಟರು. ಮಗಳು ನನ್ನ ಕಡೆ ನೋಡಿದಳು. ನನಗೆ ನಿಜಕ್ಕೂ ಭಯವಾಯಿತು.

"ಕೂಡ್ರಿ ಅಕ್ಕಾ" ಎಂದು ಅವರನ್ನು ತಡೆದ ನನ್ನ ಹೆಂಡತಿ, ಉದ್ದನೆಯ ಕೇಬಲ್ಲನ್ನು ಕಿತ್ತು ಮಡಚಿ ಮೂಲೆಗಿಟ್ಟು, ಲ್ಯಾಪ್‌ಟಾಪನ್ನೇ ಅಟ್ಟಕ್ಕೇರಿಸಿ, ಪ್ರೊಜೆಕ್ಟರಿನ ಮಗ್ಗುಲಲ್ಲಿಟ್ಟು, ಆ ಪುಕ್ಕಟೆ ಕೇಬಲ್ಲನ್ನು ಚುಚ್ಚಿದಳು. ಶಾಂತಮ್ಮನವರು ಗೋಡೆಯ ತುಂಬ ಬಂದು ನಿಂತರು. ಕಿವಿಯ ಓಲೆ, ಸೀರೆಯ ಎಳೆ ಎಲ್ಲ ಸ್ಪಷ್ಟ. ಅವರ ಮುಖ ಅರಳಿತು, ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಹಿಂದಿನ ಜನ್ಮದ ಪುಣ್ಯ ಎಂದುಕೊಂಡೆ. ಅಷ್ಟರಲ್ಲಿ ಅವರು ಎದ್ದು ಗೋಡೆಯ ಹತ್ತಿರ ಹೋಗಿ, ಬಗ್ಗಿ, ತಮ್ಮ ಸೀರೆಯ ನೆರಿಗೆಗಳನ್ನೇ ನೋಡತೊಡಗಿದರು. ಮದುವೆಗೆಂದು ನನ್ನ ಅಂಗಡಿಯಿಂದ ನಾನೇ ಆರಿಸಿ ಕೊಟ್ಟಿದ್ದ ಸೀರೆ ಅದು.

"ನೆರಿಗಿ ಸಾಲವಲ್ದು ಅಂತ ಅವತ್ತ ನನ್ನ ಮೈಯನ್ನ ಬೈಕೊಂಡಿದ್ನಿ, ಬೀಗ್ರ" ಅಂದರು. "ಈಗ ತಿಳೀತು, ಸೀರೀನ ಗಿಡ್ಡ ಐತಿ. ಕೇಬಲ್ಲಿಗೆ ಇಪ್ಪತ್ತು ಮೀಟರ್ ತಂದೀರಿ, ನನ್ನ ಸೀರಿ ಮಾತ್ರ ಐದಕ್ಕ ಮುಗಿಸೀರಲ್ಲ!"

ಎಲ್ಲರೂ ನಕ್ಕರು, ಮಗಳು ಎಲ್ಲರಿಗಿಂತ ಜೋರಾಗಿ. ನಾನು ಮಾತ್ರ, ಮೂಲೆಯಲ್ಲಿ ಮಡಚಿಟ್ಟಿದ್ದ ಉದ್ದನೆಯ ಕೇಬಲ್ಲನ್ನೇ ಮತ್ತೆ ಹಾಕಿಬಿಡಲೇ ಎಂದು ಯೋಚಿಸುತ್ತಿದ್ದೆ.