ಕಾದಂಬರಿಯ ಹೆಂಗಸಿಗೆ ಬುದ್ಧಿ ಹೇಳುವವರು

ಓದು ಒಳ್ಳೆಯ ಹವ್ಯಾಸ ಎಂದು ನೌಕರಿಯುದ್ದಕ್ಕೂ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಈಗ ನಿವೃತ್ತಿಯಾದ ಮೇಲೆ ಆ ಮಾತನ್ನು ಸ್ವಲ್ಪ ತಿದ್ದಬೇಕೆನಿಸಿದೆ. ಓದುವುದರಿಂದ ಯಾರಿಗೂ ತೊಂದರೆಯಿಲ್ಲ. ಓದಿದವರು ಬಾಯಿ ತೆರೆಯುತ್ತಾರಲ್ಲ, ಅನಾಹುತ ಶುರುವಾಗುವುದು ಅಲ್ಲಿಂದ. ಅಡುಗೆ ಕೆಟ್ಟರೆ ಉಂಡವರು ಮರ್ಯಾದೆಗೆ ಸುಮ್ಮನೆ ಕೈ ತೊಳೆಯುತ್ತಾರೆ. ಮದುವೆ ಕೆಟ್ಟರೂ ನೆಂಟರು ಹಿಂದಿನಿಂದಲೇ ಆಡಿಕೊಳ್ಳುತ್ತಾರೆ. ಆದರೆ ಕಾದಂಬರಿಯಲ್ಲಿ ಒಂದು ಕುಟುಂಬಕ್ಕೆ ಕಷ್ಟ ಬಂದಿತೆನ್ನಿ, ಓದಿದವರೆಲ್ಲ ಆ ಮನೆಯ ಹಿರಿಯರಾಗಿಬಿಡುತ್ತಾರೆ. ಹಾಗೆ ಮಾಡಬಾರದಿತ್ತು, ಹೀಗೆ ಮಾಡಬೇಕಿತ್ತು, ನಮ್ಮನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು! ಸತ್ತವನಿಗೂ ಬಿಡದೆ ಬುದ್ಧಿ ಹೇಳುತ್ತಾರೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮೂಗು ಚಿಕ್ಕದಾದ್ದರಿಂದ ಅಲ್ಲಿ ಬೇರೇನೂ ಹಿಡಿಸುವುದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಅವರ ಮಾತು ಹಾಗಿರಲಿ.

ಸುಂಟಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ಓದುಗರ ಬಳಗವಿದೆ. ಕಾಫಿ ಕುಯ್ಲು ಮುಗಿದ ಮೇಲೆ ಶುರುವಾದರೆ ಮಳೆ ಹಿಡಿಯುವ ತನಕ ನಡೆಯುತ್ತದೆ. ಕುಯ್ಲಿನ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಪುಸ್ತಕಕ್ಕೇ ಬೂಷ್ಟು ಹಿಡಿಯುತ್ತದೆ. ಸೇರುವುದು ಸುಮಿತ್ರಳ ಟೈಲರಿಂಗ್ ಅಂಗಡಿಯಲ್ಲಿ, ಅವಳ ರಜೆಯ ದಿನ. ಎಲ್ಲರಿಗೂ ಸೇರಿ ಪುಸ್ತಕದ ಪ್ರತಿ ಒಂದೇ. ಅದು ಪ್ಲಾಸ್ಟಿಕ್ ಕವರಿನೊಳಗೆ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಮನೆಯಲ್ಲಿ ಏನು ಅಡುಗೆಯಾಗಿತ್ತೆಂದು ಪುಟ ತಿರುವಿದರೆ ಗೊತ್ತಾಗುತ್ತದೆ. ಒಮ್ಮೆ ಒಂದು ಪ್ರೇಮಪತ್ರದ ಪ್ರಸಂಗದಲ್ಲಿ ಮೀನಿನ ಮುಳ್ಳು ಸಿಕ್ಕಿತ್ತು. ಅದಕ್ಕೂ ನಾನು ಕೂಗಾಡಿದ್ದೆ.

ಬಳಗ ಎಂದರೆ ಜನ ಬಹಳವೇನಿಲ್ಲ. ಸೈನ್ಯದಿಂದ ನಿವೃತ್ತರಾಗಿ ಬಂದ ಬೆಳ್ಯಪ್ಪಣ್ಣ ಇದ್ದಾರೆ. ಯಾವ ಕಾದಂಬರಿ ಕೊಟ್ಟರೂ ಅದರಲ್ಲಿ ಶಿಸ್ತು ಎಲ್ಲಿ ತಪ್ಪಿತೆಂದು ಹುಡುಕುತ್ತಾರೆ. ಶಶಿ ಎಂಬ ರೈಟರ್ ಇದ್ದಾನೆ. ರೈಟರ್ ಎಂದೊಡನೆ ಬೇರೆ ಊರಿನವರು ಸಾಹಿತಿ ಎಂದುಕೊಂಡು ಕೈಮುಗಿಯುತ್ತಾರೆ. ಅವನು ಎಸ್ಟೇಟಿನಲ್ಲಿ ಕೆಲಸದವರ ಹಾಜರಿ ಬರೆಯುವವನು. ಮನೆಯಲ್ಲಿ ಮಲಯಾಳ, ಕೆಲಸದವರಿರುವ ಲೈನ್ ಮನೆಗಳಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ಮೂರೂ. ಸುಮಿತ್ರಳಿಗೆ ಮೊದಲ ಅಧ್ಯಾಯದಲ್ಲೇ ಅಳು ಬರಬೇಕು, ಇಲ್ಲದಿದ್ದರೆ ಪುಸ್ತಕ ಚೆನ್ನಾಗಿಲ್ಲ. ಇನ್ನೊಬ್ಬರು ಜಾನಕಕ್ಕ. ಸುಮಿತ್ರಳ ಅಂಗಡಿಗೆ ಗುಂಡಿ ಹಾಕುವ, ಅಂಚು ಹೊಲಿಯುವ ಕೆಲಸ ಮಾಡಿಕೊಡುತ್ತಾರೆ.

ಜಾನಕಕ್ಕ ಪಶ್ಚಿಮದ ಬೆಟ್ಟದ ಕಡೆಯ ಗೌಡರ ಮನೆಯವರು, ಮನೆಮಾತು ಅರೆಭಾಷೆ. ಆ ದೊಡ್ಡ ಮಳೆಯ ವರ್ಷ ಗುಡ್ಡ ಜರಿದು ಅವರ ಮನೆ, ತೋಟ, ಗಂಡ ಎಲ್ಲವೂ ಒಂದೇ ಬೆಳಗ್ಗೆ ಹೋಯಿತು. ಎಲ್ಲರೂ ಮನೆ ಬಿಟ್ಟು ರಸ್ತೆಗೆ ಬಂದ ಮೇಲೆ ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ಬಿಚ್ಚಲು ಗಂಡ ಹಿಂದಕ್ಕೆ ಹೋಗಿದ್ದರಂತೆ. ಹಸು ಬಂತು, ಅವರು ಬರಲಿಲ್ಲ. ಈಗ ಜಾನಕಕ್ಕ ಮಗಳೊಂದಿಗೆ ಸರಕಾರ ಕಟ್ಟಿಸಿದ ಕಾಲೊನಿಯಲ್ಲಿದ್ದಾರೆ. ನಮಗೆ ಗೊತ್ತಿದ್ದದ್ದು ಇಷ್ಟು. ಇದಕ್ಕಿಂತ ಹೆಚ್ಚು ಯಾರೂ ಕೇಳಿರಲಿಲ್ಲ, ಕೇಳಲು ನಾನು ಬಿಟ್ಟಿರಲೂ ಇಲ್ಲ. ಕೊಡಗಿನಲ್ಲಿ ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವುದು ಆಮೇಲೆ, ‘ನಿಮ್ಮಲ್ಲಿ ಎಷ್ಟು ಇಂಚು ಮಳೆ?’ ಎನ್ನುವುದು ಮೊದಲು. ಜಾನಕಕ್ಕ ಒಳಗೆ ಬಂದರೆ ಮಾತ್ರ ನಮ್ಮಲ್ಲಿ ಇಂಚುಗಳು ನಿಲ್ಲುತ್ತವೆ. ಬೆಳ್ಯಪ್ಪಣ್ಣನಂಥವರೂ ಮಳೆಯನ್ನು ಅರ್ಧಕ್ಕೆ ಬಿಟ್ಟು ಆನೆಯ ವಿಷಯಕ್ಕೆ ಬರುತ್ತಾರೆ. ಈ ಶಿಸ್ತು ಕಲಿಸಿದವಳು ನಾನೇ. ಮಾತು ಜಾರುವ ಲಕ್ಷಣ ಕಂಡರೆ ಒಂದು ಸಲ ಕೆಮ್ಮುತ್ತೇನೆ, ಅಷ್ಟೇ ಸಾಕು. ತರಗತಿಯಲ್ಲಿ ನನ್ನ ಕೆಮ್ಮಿಗೆ ಇಷ್ಟು ಬೆಲೆ ಇರಲಿಲ್ಲ.

ಇಂಥದ್ದರಲ್ಲಿ ಈ ವರ್ಷ ಶಶಿ ಎಲ್ಲಿಂದಲೋ ಒಂದು ಕಾದಂಬರಿ ತಂದ. ಬರೆದವರು ಬಯಲುಸೀಮೆಯ ಕಡೆಯವರು. ಬೆಟ್ಟದ ಮೇಲೊಂದು ಕುಟುಂಬ, ಬಿಡದ ಮಳೆ, ಮನೆ ಖಾಲಿ ಮಾಡಿ ಎಂಬ ಆಜ್ಞೆ. ಓದುತ್ತ ಹೋದೆ. ನಡುವಿನಲ್ಲಿ ಆ ಮನೆಯ ಹೆಂಗಸು ರಸ್ತೆಯಲ್ಲಿ ನಿಂತು ಗಂಡನಿಗೆ ‘ಹಸು ಬಿಚ್ಚಿ ಬನ್ನಿ’ ಎನ್ನುತ್ತಾಳೆ, ಅವನು ಹೋಗುತ್ತಾನೆ, ಗುಡ್ಡ ಬರುತ್ತದೆ. ನಾನು ಪುಸ್ತಕ ಮುಚ್ಚಿದೆ. ಲೇಖಕರಿಗೆ ಜಾನಕಕ್ಕ ಯಾರೆಂದು ಗೊತ್ತಿರಲು ಸಾಧ್ಯವೇ ಇಲ್ಲ. ದನ ಕಟ್ಟಿದವರ ಮನೆಯಲ್ಲಿ ಎಲ್ಲಿ ಬೇಕಾದರೂ ನಡೆಯಬಹುದಾದ ಸಂಗತಿ. ಆದರೂ ಲೇಖಕರ ಮೇಲೆ ಸಿಟ್ಟು ಬಂತು. ಇಷ್ಟು ದೊಡ್ಡ ನಾಡಿನಲ್ಲಿ ಅವರಿಗೆ ಬೇರೆ ಪ್ರಾಣಿ ಸಿಗಲಿಲ್ಲವೇ?

ಪುಸ್ತಕ ಜಾನಕಕ್ಕನ ಕೈಗೆ ಹೋಗದಂತೆ ನೋಡಿಕೊಳ್ಳುವುದು ನನ್ನ ಧರ್ಮ ಎನಿಸಿತು. ‘ನನ್ನ ಸರದಿ ಬರ್ಲಿಲ್ಲ ಅಲ್ವಾ’ ಎಂದು ಅವರು ಕೇಳಿದಾಗ ಬೈಂಡಿಂಗ್ ಬಿಟ್ಟುಹೋಗಿದೆ, ಅಂಟು ಹಾಕಿ ಒಣಗಲು ಇಟ್ಟಿದ್ದೇನೆ ಎಂದೆ. ಮತ್ತೆ ಕೇಳಿದಾಗಲೂ ಅಂಟು ಒಣಗಿರಲಿಲ್ಲ, ಪುಸ್ತಕ ಮಾತ್ರ ಉಳಿದವರ ಮನೆಗಳನ್ನು ಸುತ್ತುತ್ತಿತ್ತು. ಸುಡುವ ಬಿಸಿಲಿನ ದಿನಗಳವು. ಅಂಥ ಬಿಸಿಲಿಗೂ ಒಣಗದ ಅಂಟು ಯಾವುದೆಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ. ಚರ್ಚೆಯನ್ನೇ ಬಿಟ್ಟುಬಿಡೋಣ ಎಂದು ಉಳಿದವರಿಗೆ ಹೇಳಿ ನೋಡಿದೆ. ಕಷ್ಟಪಟ್ಟು ಓದಿ ಮುಗಿಸಿದವರು ಅಭಿಪ್ರಾಯ ಹೇಳದೆ ಬಿಡುತ್ತಾರೆಯೇ? ಗರ್ಭಿಣಿಗೆ ಹೆರಿಗೆ ಬೇಡ ಎಂದ ಹಾಗಾಯಿತು.

ಪುಸ್ತಕವೇ ಸಿಗದ ಜಾನಕಕ್ಕ ಆ ದಿನ ಅಂಗಡಿಯಲ್ಲಿ ಇರುವುದಿಲ್ಲ ಎಂದುಕೊಂಡಿದ್ದೆ. ಇದ್ದರು. ಯಾವುದೋ ಮದುವೆಯ ರವಿಕೆಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮೂಲೆಯಲ್ಲಿ ಹುಕ್ಕು ಹಚ್ಚುತ್ತಿದ್ದರು. ನಾನು ಮೊದಲೇ ಒಂದು ಸಲ ಕೆಮ್ಮಿದೆ. ಸುಮಿತ್ರ ನೀರು ತಂದುಕೊಟ್ಟಳು.

ಪುಸ್ತಕದ ಹುರುಪಿನಲ್ಲಿ ಮೂಲೆಯನ್ನು ಮರೆತು ಬೆಳ್ಯಪ್ಪಣ್ಣ ಮಳೆಯಿಂದಲೇ ಶುರುಮಾಡಿದರು. ಲೇಖಕರು ಮಳೆಯನ್ನು ಮಿಲಿಮೀಟರಿನಲ್ಲಿ ಬರೆದಿದ್ದಾರಂತೆ. ಇಂಚು ಗೊತ್ತಿಲ್ಲದವನು ಬೆಟ್ಟದ ಬಗ್ಗೆ ಬರೆಯಬಾರದಂತೆ. ಸುಮಿತ್ರಳಿಗೆ ಇನ್ನೊಂದು ಕೊರತೆ. ಗಂಡ ಸತ್ತಾಗ ಆ ಹೆಂಗಸು ಸರಿಯಾಗಿ ಅಳಲೇ ಇಲ್ಲ, ಅವಳ ಬದಲು ತಾನೇ ಅಳಬೇಕಾಯಿತು ಎಂದಳು. ಜಾಕೆಟ್ ಅಳತೆ ತಪ್ಪಿದಾಗ ಬಿದ್ದ ಬೈಗುಳಕ್ಕೂ ಇಷ್ಟು ಅತ್ತಿರಲಿಲ್ಲವಂತೆ. ಶಶಿಗೆ ಮನುಷ್ಯರ ಚಿಂತೆಯೇ ಇಲ್ಲ. ಹಸು ಆಮೇಲೆ ಏನಾಯಿತೆಂದು ಲೇಖಕರು ಬರೆದಿಲ್ಲ, ಯಾರು ಹಾಲು ಕರೆದರು, ಕರುವಿತ್ತೇ, ಏನೂ ಇಲ್ಲ ಎಂದು ಅವನ ದೂರು. ಕುಟುಂಬವೊಂದು ಮಣ್ಣುಪಾಲಾದ ಕಥೆ ಓದಿ ಜನ ಹೇಳುವ ಮಾತೇ ಇವು? ನನಗೆ ಮೈಯೆಲ್ಲ ಉರಿಯತೊಡಗಿತು. ನೆರೆಮನೆ ಸುಡುವಾಗ ಬೆಂಕಿಯ ಬಣ್ಣ ಚೆನ್ನಾಗಿಲ್ಲ ಎನ್ನುವ ಜಾತಿ ಇದು. ಕೆಮ್ಮಿದೆ, ಕಣ್ಣು ಮಾಡಿದೆ, ಮೇಜಿನ ಕೆಳಗೆ ಕಾಲಿನಿಂದ ತಿವಿದೆ. ತಿವಿದದ್ದು ಹೊಲಿಗೆ ಮೆಷಿನ್ನಿನ ಪೆಡಲಿಗೆ ತಾಗಿ ಮೆಷಿನ್ ಸುಮ್ಮಸುಮ್ಮನೆ ಓಡಿತು.

ಆಗ ಬೆಳ್ಯಪ್ಪಣ್ಣ ತೀರ್ಪು ಕೊಟ್ಟರು. ಜಾಗ ಬಿಡಿ ಎಂದು ಆರ್ಡರ್ ಆದ ಮೇಲೆ ಹಿಂದೆ ತಿರುಗುವುದೇ ತಪ್ಪು. ಒಂದು ಹಸುವಿಗಾಗಿ ಗಂಡನನ್ನು ಕಳಿಸಿದಳಲ್ಲ, ಅವಳೇ ಕೈಯಾರೆ ಕೊಂದ ಹಾಗೆ. ಶಶಿ ಬಿಡಲಿಲ್ಲ. ಕಟ್ಟಿ ಹಾಕಿದ ಮೂಕಪ್ರಾಣಿಯನ್ನು ಬಿಟ್ಟು ಓಡುವವಳು ಹೆಂಗಸೇ ಅಲ್ಲ ಎಂದ. ಇಬ್ಬರ ಧ್ವನಿಯೂ ಏರಿತು. ಮೂಲೆಯಲ್ಲಿ ಜಾನಕಕ್ಕನ ಸೂಜಿ ನಿಂತಿದ್ದನ್ನು ಕಂಡೆ. ಆಮೇಲೆ ನಾನು ನಾನಾಗಿ ಉಳಿಯಲಿಲ್ಲ.

ಎದ್ದು ನಿಂತು ಬೈದೆ. ನಿಮಗೆ ಕಣ್ಣಿಲ್ಲವೇ, ಯಾರ ಎದುರು ಏನು ಮಾತಾಡುತ್ತಿದ್ದೀರಿ ಎಂಬ ಅರಿವಿಲ್ಲವೇ, ಬೆಚ್ಚಗೆ ಕೂತು ಕಾಫಿ ಕುಡಿಯುತ್ತ ಇನ್ನೊಬ್ಬರ ಸಾವಿಗೆ ಮಾರ್ಕ್ಸ್ ಹಾಕುವ ನೀವು ಓದದಿದ್ದರೆ ಕನ್ನಡ ಸಾಹಿತ್ಯಕ್ಕೆ ಯಾವ ನಷ್ಟವೂ ಇಲ್ಲ ಎಂದೆ. ಇನ್ನೂ ಏನೇನೋ ಅಂದೆ. ಬೆಳ್ಯಪ್ಪಣ್ಣ ಮೂಲೆಯ ಕಡೆ ನೋಡಿದರು. ಆಗ ಅವರಿಗೆ ಹೊಳೆಯಿತು. ಅಷ್ಟು ದೊಡ್ಡ ಆಳು ಕುಗ್ಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ತೃಪ್ತಿಯಾಯಿತು. ನಿಜ ಹೇಳುತ್ತೇನೆ, ಬಹಳ ತೃಪ್ತಿಯಾಯಿತು.

ಜಾನಕಕ್ಕ ಹಲ್ಲಿನಲ್ಲಿ ನೂಲು ಕಚ್ಚಿ ತುಂಡು ಮಾಡಿದರು. “ಟೀಚರೇ, ಪುಸ್ತಕ ನಾನೂ ಓದಿದೆ. ಶಶಿ ಕೊಟ್ಟ. ಬೈಂಡಿಂಗ್ ಗಟ್ಟಿ ಉಂಟು” ಎಂದರು.

ನಾನು ಕೂತೆ.

“ನಮ್ಮ ಮನೆಯವರನ್ನೂ ನಾನೇ ಕಳಿಸಿದ್ದು. ಹಗ್ಗ ಬಿಚ್ಚಿ ಬನ್ನಿ ಅಂತ ನಾನೇ ಹೇಳಿದ್ದು. ಅವತ್ತಿಂದ ಇವತ್ತಿನವರೆಗೆ ಒಬ್ಬರಾದ್ರೂ ನನ್ನ ಹತ್ರ ಅದನ್ನ ಕೇಳಿದ್ರಾ? ನಾನು ಬಂದ್ರೆ ಮಳೆ ಸುದ್ದಿ ಕೂಡ ಬಂದ್. ಎಲ್ಲರೂ ಒಳ್ಳೆಯವರು, ಮೆಲ್ಲ ಮಾತಾಡ್ತೀರಿ. ನನ್ನ ತಲೆಯೊಳಗೆ ಮಾತ್ರ ದಿನಾ ಈ ಜಗಳವೇ. ಇವತ್ತು ಅದನ್ನೇ ಹೊರಗೆ ಇಬ್ಬರು ಬಾಯಿಬಿಟ್ಟು ಆಡ್ತಿದ್ರು. ನಾನು ಕೇಳ್ತಾ ಕೂತಿದ್ದೆ. ನೀವು ಎಂತಕ್ಕೆ ನಿಲ್ಲಿಸಿದ್ದು?”

ಸಿಟ್ಟಿತ್ತು ಆ ಮಾತಿನಲ್ಲಿ. ನನ್ನ ಸಿಟ್ಟಿನಂತೆ ಕೂಗಾಡುವ ಸಿಟ್ಟಲ್ಲ, ವರ್ಷಗಟ್ಟಲೆ ಕೂಡಿಟ್ಟದ್ದು. ನನಗೆ ನಾಚಿಕೆಯಾಯಿತು. ಆದರೆ ಅವರಿಗೆ ನನ್ನ ನಾಚಿಕೆ ಬೇಕಾಗಿರಲಿಲ್ಲ. ಅವರು ಬೆಳ್ಯಪ್ಪಣ್ಣನ ಕಡೆ ತಿರುಗಿದ್ದರು. ಆಗ ಹೇಳಿದ್ದನ್ನು ಮುಂದುವರಿಸಿ ಎಂದರು. ಬೆಳ್ಯಪ್ಪಣ್ಣ, ಹಾಗಲ್ಲ ಜಾನಕಿ, ಅದು ಕಥೆಯ ಮಾತು, ಪರಿಸ್ಥಿತಿ ಹಾಗಿತ್ತು ಎಂದು ತಡವರಿಸಿದರು.

“ಮೆತ್ತಗೆ ಬೇಡ ಅಣ್ಣ. ಆಗ ಹೇಳಿದ ಹಾಗೇ ಹೇಳಿ.”

ಬೆಳ್ಯಪ್ಪಣ್ಣ ಟೋಪಿಯನ್ನು ಮತ್ತೆ ಹಾಕಿಕೊಂಡರು. ಆಮೇಲೆ ತಲೆಯೆತ್ತಿ, “ಕಳಿಸಿದ್ದು ತಪ್ಪು ಜಾನಕಿ” ಎಂದರು.

“ಕಟ್ಟಿದ್ದು ನಾನು. ಹಿಂದಿನ ದಿನ ಸಂಜೆ ನನ್ನ ಕೈಯಿಂದ ಕಟ್ಟಿದ್ದು. ಬಿಚ್ಚದೆ ಹೇಗೆ ಬರೋದು ಹೇಳಿ” ಎಂದು ಜಾನಕಕ್ಕ ಕೇಳಿದರು. ಹಾಗೆ ಹತ್ತಿಕೊಂಡಿತು ನೋಡಿ. ಬೆಳ್ಯಪ್ಪಣ್ಣ ಒಂದು ಹೇಳಿದರೆ ಇವರು ಎರಡು. ಶಶಿ ಜಾನಕಕ್ಕನ ಪರ ಬಂದರೆ ಅವನಿಗೂ ಬೈಗುಳ, ನಿನಗೆ ಹಸು ಮಾತ್ರ ಕಾಣ್ತದೆ, ಹೋದ ಮನುಷ್ಯ ಕಾಣುವುದಿಲ್ಲ ಎಂದು. ನಡುವೆ ಅವರಿಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಇರಿ, ಇನ್ನೂ ಮುಗಿದಿಲ್ಲ ಎಂದರು. ಅವರ ಕಣ್ಣಲ್ಲಿ ನೀರು ಬಾರದಂತೆ ಇಷ್ಟು ವರ್ಷ ಕಾವಲು ಕಾದಿದ್ದೆ ನಾನು. ಬಂದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸುಮಿತ್ರ ಎಲ್ಲರಿಗೂ ಮತ್ತೊಂದು ಸುತ್ತು ಕಾಫಿ ತಂದಳು.

ಕಾಫಿ ಕುಡಿದು ಜಾನಕಕ್ಕ ನನ್ನನ್ನು ಹಿಡಿದರು. “ಎಲ್ಲರೂ ಹೇಳಿ ಆಯ್ತು. ನೀವು ಹೇಳಿ. ತಪ್ಪಾ, ಸರಿಯಾ?”

ಸಾವಿರಾರು ಉತ್ತರ ಪತ್ರಿಕೆ ತಿದ್ದಿದ ಕೈ ನನ್ನದು. ಎರಡೂ ಕಡೆ ನ್ಯಾಯವಿದೆ, ಇಂಥ ಹೊತ್ತಿನಲ್ಲಿ ಮನುಷ್ಯನ ವಿವೇಚನೆ ಎಂದೆಲ್ಲ ಶುರುಮಾಡಿದೆ. ಅವರು ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು. ಕೊನೆಗೆ ತಪ್ಪಿಸಿಕೊಳ್ಳುವ ದಾರಿ ಕಾಣದೆ, “ನಾನಾಗಿದ್ದರೂ ಕಳಿಸುತ್ತಿದ್ದೆ ಜಾನಕಕ್ಕ” ಎಂದುಬಿಟ್ಟೆ.

“ಸುಳ್ಳು ಹೇಳ್ಬೇಡಿ ಟೀಚರೇ. ನಿಮ್ಮಲ್ಲಿಗೆ ಬರೋದು ಪ್ಯಾಕೆಟ್ ಹಾಲು.”

ಎಲ್ಲರೂ ನಕ್ಕರು. ಜಾನಕಕ್ಕನೂ ನಕ್ಕರು, ಒದ್ದೆ ಮುಖದಲ್ಲೇ. ನಾನು ಉರಿಯುವ ಮುಖ ಹೊತ್ತುಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ನನ್ನ ಗಂಡ ಇವತ್ತು ಸಿಟ್ಟು ಯಾರ ಮೇಲೆ ಎಂದು ವಿಚಾರಿಸಿದರು. ಎಲ್ಲವನ್ನೂ ಹೇಳಿದೆ. ಲೇಖಕರ ಮೇಲೆ, ಓದುಗರ ಮೇಲೆ, ಪುಸ್ತಕ ಕೊಟ್ಟ ಶಶಿಯ ಮೇಲೆ ಸಿಟ್ಟು ಎಂದೆ. ನಾನಾಗಿದ್ದರೂ ಕಳಿಸುತ್ತಿದ್ದೆ ಎಂದದ್ದನ್ನು ಬಿಟ್ಟು ಅವರು ಬೇರೆ ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಅನ್ನ ಕಲಸುವುದನ್ನು ನಿಲ್ಲಿಸಿ, “ಅವರಾದರೂ ಇದ್ದ ಹಸುವಿಗೆ ಕಳಿಸಿದ್ದು. ನೀನು ಇಲ್ಲದ ಹಸುವಿಗೆ ನನ್ನನ್ನು ಕಳಿಸಿಬಿಟ್ಟೆಯಲ್ಲ, ಒಂದು ಮಾತು ಕೇಳದೆ” ಎಂದು ಮುಖ ಊದಿಸಿಕೊಂಡರು. ಆಹಾ, ಇವರೂ ಓದುಗರೇ!

ಬಾಯಿಗೆ ಬಂದ ಬೈಗುಳವನ್ನು ಯಾಕೋ ನುಂಗಿಕೊಂಡೆ. ಎದುರಿಗೆ ಕೂತ ಆ ಮನುಷ್ಯನ ಮುಖ ನೋಡುತ್ತ, ‘ಹಗ್ಗ ಬಿಚ್ಚಿ ಬನ್ನಿ’ ಎಂದು ಮನಸ್ಸಿನಲ್ಲೇ ಹೇಳಿ ನೋಡಿದೆ. ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ. ‘ಹಗ್ಗ’ ಎನ್ನುವುದರಿಂದ ಮುಂದಕ್ಕೆ ಹೋಗಲಾಗಲಿಲ್ಲ. ನಾನು ಹಾಗೆ ದಿಟ್ಟಿಸುವುದನ್ನು ಕಂಡು, ಸಿಟ್ಟು ಇನ್ನೂ ಇಳಿದಿಲ್ಲವೆಂದುಕೊಂಡ ಅವರು, ಉಪ್ಪಿಲ್ಲದ ಸಾರನ್ನು ತುಟಿ ಎರಡು ಮಾಡದೆ ಉಂಡು ಎದ್ದರು.