ಮೌಶಿಯ ಫುಟ್‌ಬಾಲ್ ನ್ಯಾಯ

ಫುಟ್‌ಬಾಲ್ ಲೀಗಿನ ನ್ಯಾಯಶಾಸ್ತ್ರವನ್ನು ಅರೆದು ಕುಡಿದವರು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಒಬ್ಬರೇ ಇದ್ದರು. ಅವರು ಜನ್ಮದಲ್ಲಿ ಚೆಂಡು ಒದ್ದವರಲ್ಲ, ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ತಿಳಿದವರಲ್ಲ, ಮೇಲಾಗಿ ನನ್ನ ಮೌಶಿ! ಅಂದರೆ ನನ್ನ ತಾಯಿಯ ತಂಗಿ. ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ.

ಕಲಬುರ್ಗಿ ಕಡೆಯ ಮೌಶಿ ಹೈದರಾಬಾದಿನಲ್ಲೇ ಸರ್ಕಾರಿ ನೌಕರಿ ಮುಗಿಸಿ, ಗಂಡನೊಂದಿಗೆ, ಅಂದರೆ ನನ್ನ ಕಾಕಾನೊಂದಿಗೆ, ಒಂದು ದೊಡ್ಡ ಅಪಾರ್ಟ್‌ಮೆಂಟಿನ ಡಿ ಬ್ಲಾಕಿನಲ್ಲಿದ್ದಳು. ಅಲ್ಲೇ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ನಾನು ಅವಳ ಮನೆಯ ರೊಟ್ಟಿ ತಿಂದುಕೊಂಡಿದ್ದೆ. ದಿನಕ್ಕೊಂದು ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲವದು. ಕಂಪನಿಗಳಿಗಿಂತ ಜೋರಾಗಿ ಕಾರುಗಳು ಹುಟ್ಟುತ್ತಿದ್ದವು! ನಾಲ್ಕು ಬ್ಲಾಕುಗಳ ನಡುವಿನ ಮೈದಾನದ ಮೇಲೆ ಕಾರುಳ್ಳವರ ಕಣ್ಣು ಬಿತ್ತು. "ಭಾನುವಾರವೂ ಖಾಲಿ ಬಿದ್ದಿರುವ ಮೈದಾನ ಯಾಕೆ? ಪಾರ್ಕಿಂಗ್ ಮಾಡೋಣ" ಎಂದರು. ಬ್ಲಾಕುಗಳ ನಡುವೆ ಭಾನುವಾರಗಳಂದು ನಡೆಯುವ ಫುಟ್‌ಬಾಲ್ ಲೀಗ್ ಮುಗಿಯುವ ದಿನ ಮತ ಹಾಕುವುದೆಂದು ನಿವಾಸಿಗಳ ಸಂಘ ತೀರ್ಮಾನಿಸಿತು. ಸಂಘದ ಕಾರ್ಯದರ್ಶಿ ನಮ್ಮ ಮೌಶಿಯೇ.

ಮೈದಾನ ಖಾಲಿ ಬೀಳಲು ಕಾರಣವಿತ್ತು. ಸಿ ಬ್ಲಾಕಿನ ತುಂಬ ಒಂದೇ ಕಂಪನಿಯ ಬ್ರಹ್ಮಚಾರಿಗಳು, ಒಬ್ಬೊಬ್ಬರೂ ಕುದುರೆಗಳು. ನಮ್ಮ ಡಿ ಬ್ಲಾಕಿನಲ್ಲಿ ಸಂಸಾರ, ಹೊಟ್ಟೆ ಮತ್ತು ಮಂಡಿನೋವು. ಓಡಬೇಕಾಗಿಲ್ಲವೆಂದು ನಾನು ಗೋಲ್‌ಕೀಪರ್ ಆಗಿದ್ದೆ. ಆದರೆ ಬಲೆಯೊಳಗಿಂದ ಚೆಂಡು ತರುವುದರಲ್ಲೇ ಎಲ್ಲರಿಗಿಂತ ಹೆಚ್ಚು ಓಡುತ್ತಿದ್ದೆ! ಅರ್ಧ ಲೀಗಿಗೇ ಕಪ್ ಸಿ ಬ್ಲಾಕಿಗೆಂದು ಗೊತ್ತಾಗಿಬಿಡುತ್ತಿತ್ತು. ಮಿಕ್ಕವರು ಬರುವುದನ್ನೇ ಬಿಡುತ್ತಿದ್ದರು.

"ಸೋಲೂದಕ್ಕ ಯಾರೂ ಬ್ಯಾಸರಾ ಮಾಡ್ಕೊಳ್ಳೂದಿಲ್ಲ ತಮ್ಮಾ. ಆಸೆ ಹೋತಂದ್ರ ಮನೀಗೆ ಹೋಗ್ತಾರ" ಎಂದಳು ಮೌಶಿ.

ಮೈದಾನಕ್ಕೆ ಜನ ಮರಳಿ ಬರಲೆಂದು ಅವಳು ಕಂಡುಕೊಂಡ ಮೊದಲ ಮದ್ದು, ತಂಡಗಳ ಬಲಗಳನ್ನು ಸರಿದೂಗಿಸುವುದು. ಖಾಲಿ ಫ್ಲ್ಯಾಟುಗಳ ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ಮನೆ ನೋಡಲು ಬಂದವರಿಗೆ ಅವಳ ಮೊದಲ ಪ್ರಶ್ನೆ, "ಯಾವ ಕಾಲಿಂದ ಒದೀತೀರಿ?" ಸಿ ಬ್ಲಾಕಿನಲ್ಲಿ ಮನೆ ಕೇಳಿದ ಒಬ್ಬ ಗಟ್ಟಿಮುಟ್ಟಾದ ತರುಣ ಗಾಬರಿಯಾಗಿ "ಎಡಗಾಲಿಂದ" ಅಂದುಬಿಟ್ಟ. ಬಾಲ್ಕನಿಯ ಆಸೆ ತೋರಿಸಿ ಅವನನ್ನು ನಮ್ಮ ಡಿ ಬ್ಲಾಕಿಗೆ ಎಳೆದು ತಂದಳು! ಭಾನುವಾರ ನೋಡಿದರೆ ಅವನು ಒದ್ದದ್ದೆಲ್ಲ ಬೇಲಿಯಾಚೆ. ವಿಚಾರಿಸಿದರೆ ಪಾಪ, ಅವನು ಎಡಗಾಲಿನಿಂದ ಒದೆಯುತ್ತಿದ್ದದ್ದು ಬೈಕಿನ ಗೇರನ್ನು.

ಎರಡನೆಯ ಮದ್ದು ಪ್ಲೇ-ಆಫ್. ಲೀಗಿನಲ್ಲಿ ಮೂರನೆಯವರು, ನಾಲ್ಕನೆಯವರು ಮೊದಲು ಆಡಬೇಕು. ಗೆದ್ದವರು ಎರಡನೆಯವರ ಮೇಲೆ ಆಡಬೇಕು. ಅಲ್ಲಿ ಗೆದ್ದವರು ನೇರ ಫೈನಲ್ಲಿನಲ್ಲಿ ಕಾಯುತ್ತಿರುವ ಮೊದಲನೆಯವರ ಮೇಲೆ.

ಸಿ ಬ್ಲಾಕಿನ ಕ್ಯಾಪ್ಟನ್ ಕೆರಳಿದ. "ಆಂಟೀ, ಇದೇಂ ನ್ಯಾಯಂ? ವರ್ಷವಿಡೀ ಗೆದ್ದವರು ನಾವು. ಒಂದು ದಿನ ಕಾಲು ಜಾರಿದರೆ ಕಪ್ ಹೋಗುತ್ತದೆಯೇ?" ಎಂದು ತೆಲುಗಿನಲ್ಲಿ ಜಗಳಕ್ಕೆ ನಿಂತ.

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಮೌಶಿ ಎರಡು ದಿನ ಊಟದಲ್ಲೂ ಅದನ್ನೇ ಯೋಚಿಸಿದಳು. ಸಾರಿಗೆ ಉಪ್ಪು ಮರೆತಳು. ಕೊನೆಗೆ, ಪಂದ್ಯ ಸಮವಾದರೆ ಲೀಗಿನಲ್ಲಿ ಮೇಲಿದ್ದವರೇ ಗೆದ್ದಂತೆ ಎಂದು ತೀರ್ಪು ಕೊಟ್ಟಳು. "ದುಡದವರಿಗೆ ಸಮೀಪದ ದಾರಿ, ಉಳದವರಿಗೆ ದೂರದ ದಾರಿ. ಬಾಗಲಾ ಮಾತ್ರ ಯಾರಿಗೂ ಹಾಕೂದಿಲ್ಲ!"

ಕಾಕಾ ಪೇಪರಿನಿಂದ ತಲೆಯೆತ್ತಿ ಕೇಳಿದ, "ಈ ಮನ್ಯಾಗ ನಾ ಎಷ್ಟನೇ ಸ್ಥಾನದಾಗ ಇದ್ದೀನಿ?"

"ಎರಡನೇದಾಗ."

"ಪ್ಲೇ-ಆಫ್ ಐತೇನು?"

"ಐತಿ. ಸಮ ಆದ್ರ ನಾನ ಗೆದ್ದಂಗ."

ಏನಾಶ್ಚರ್ಯ! ನಾಲ್ಕೂ ತಂಡಗಳು ಲೀಗಿನ ಕಡೆಯವರೆಗೂ ತಪ್ಪದೆ ಆಡಲು ಬಂದವು. ನಾಲ್ಕನೆಯವರಾದ ನಾವು ಮೂರನೆಯವರಾದ ಎ ಬ್ಲಾಕನ್ನು ಸೋಲಿಸಿದೆವು. ಗೋಲು ಅವರ ಆಟಗಾರನೇ ಹೊಡೆದುಕೊಟ್ಟ, ಆ ಮಾತು ಬಿಡಿ. ಎರಡನೆಯವರಾದ ಬಿ ಬ್ಲಾಕಿನೊಂದಿಗೆ ಬೆವರು ಹರಿಸಿ ಸಮ ಮಾಡಿಕೊಂಡೆವು. ಸಮವಾದ್ದರಿಂದ ಹೊರಬಿದ್ದೆವು!

"ನಿನ್ನ ನಿಯಮವೇ ನಮ್ಮನ್ನು ಮುಳುಗಿಸಿತಲ್ಲ ಮೌಶಿ!" ಎಂದು ಗೋಳಾಡಿದೆ.

"ಹೌದಲ್ಲ! ನಿಯಮ ಭಾಳ ಛಲೋ ಕೆಲಸ ಮಾಡ್ತು ನೋಡು" ಎಂದು ಹಿಗ್ಗಿದಳು.

ಫೈನಲ್ ದಿನ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸೋತ ಬ್ಲಾಕಿನವರೂ ಮಕ್ಕಳುಮರಿಗಳೊಂದಿಗೆ ಬಂದಿದ್ದರು. ಸಿ ಬ್ಲಾಕೇ ಕಪ್ ಎತ್ತಿತು. ಅಲ್ಲೇ ಮತ ಹಾಕಿಸಿದರು. ಮೈದಾನ ಉಳಿಯಲಿ ಎಂದು ಎದ್ದ ಕೈಗಳಲ್ಲಿ ಹೊಸ ಕಾರು ಕೊಂಡವರ ಕೈಗಳೂ ಇದ್ದವು. ಪಾರ್ಕಿಂಗ್ ಮಾತು ಬಿದ್ದುಹೋಯಿತು.

ಆಗ ಆ ಸಿ ಬ್ಲಾಕಿನ ಕ್ಯಾಪ್ಟನ್ನೇ ಚೆಂಡು ತಂದು ಮೌಶಿಯ ಕಾಲ ಬಳಿ ಇಟ್ಟ. "ಆಂಟೀ, ಒಂದು ಕಿಕ್ ನಿಮ್ಮದು." ಗೋಲಿನಲ್ಲಿ ನನ್ನನ್ನು ನಿಲ್ಲಿಸಿದರು. ಮೌಶಿ ನೆರಿಗೆ ಎತ್ತಿ ಹಿಡಿದು, ಓಡಿ ಬಂದು ಒದ್ದಳು. ಚೆಂಡು ಅಲ್ಲೇ ಉಳಿಯಿತು, ಚಪ್ಪಲಿ ಗೋಲಾಯಿತು! ಅದನ್ನೂ ತಡೆಯಲು ನನ್ನಿಂದಾಗಲಿಲ್ಲ.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ನಾನು ಚಪ್ಪಲಿ ಹಿಡಿದು ಹತ್ತಿರ ಹೋದರೆ ಅವಳ ಕಣ್ಣುಗಳು ತುಂಬಿದ್ದವು.

"ಸಾಲ್ಯಾಗ ಓದೂವಾಗ ನಮ್ಮ ಹುಡುಗ್ಯಾರನ್ನ ಗೆರಿ ಆಚೆ ಕೂಡಸ್ತಿದ್ರು ತಮ್ಮಾ, ಚಪ್ಪಾಳಿ ಹೊಡಿಯಾಕ. ಆಡಾಕ ಬಾ ಅಂತ ನನ್ನ ಕರದದ್ದು ಇವತ್ತ ಮೊದಲ್ನೇ ಸಲ."

ನಾನು ಬಗ್ಗಿ ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟೆ.

"ಅದು ಬ್ಯಾಡ," ಎಂದಳು, ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿ ಪಕ್ಕಕ್ಕೆ ಸರಿಸುತ್ತ. "ಹೋಗು, ಗೋಲಿನ್ಯಾಗ ನಿಂದರು. ಇನ್ನೊಮ್ಮಿ ಒದೀತೀನಿ."